ಒಲೆಕಟ್ಟೆಗೆ ಗರಗಸ ಇಡುವ ಮುನ್ನ

ಪ್ರಶ್ನೆ: ನಮ್ಮದು ಕಾಚಿಗೂಡದಲ್ಲಿ ನೃಪತುಂಗ ಶಾಲೆಯ ಹತ್ತಿರ ಹಳೆಯ ಫ್ಲ್ಯಾಟ್. ಒಲೆಕಟ್ಟೆಗೆ ಗ್ರಾನೈಟ್ ಇಲ್ಲ, ಹಿಂದಿನವರು ಹಲಗೆಯ ಮೇಲೆ ಸನ್‌ಮೈಕಾ ಹಾಕಿಸಿದ್ದಾರೆ. ಬೆಂಗಳೂರಿನಿಂದ ಮಗ ಮೂರು ಬರ್ನರಿನ ಹಾಬ್ ಕಳಿಸಿದ್ದಾನೆ. ಕಟ್ಟೆ ಕೊಯ್ದು ಕೂರಿಸಬೇಕಂತೆ. ಬಡಗಿ ‘ಹತ್ತು ನಿಮಿಷದ ಕೆಲಸ ಅಮ್ಮ’ ಅನ್ನುತ್ತಾನೆ. ನಂಬಲೇ?
– ಗೃಹಿಣಿ, ಕಾಚಿಗೂಡ

ಉತ್ತರ: ಕೊಯ್ಯುವುದು ಹತ್ತು ನಿಮಿಷವೇ. ಅದರ ಹಿಂದೆ ಮುಂದೆ ಅರ್ಧ ದಿನದ ಕೆಲಸವಿದೆ. ಅದನ್ನು ಆತ ಲೆಕ್ಕಕ್ಕೆ ಹಿಡಿದಂತಿಲ್ಲ.

ಮೊದಲು ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ಹಲಗೆಯ ಅಂಚು ನೋಡಿ. ಪದರ ಪದರವಾಗಿದ್ದರೆ ಪ್ಲೈವುಡ್, ಮರದ ಹೊಟ್ಟು ಒತ್ತಿದಂತಿದ್ದರೆ ಪಾರ್ಟಿಕಲ್ ಬೋರ್ಡ್. ಐಎಸ್ 710 ಮುದ್ರೆಯ ಮರೀನ್ ಪ್ಲೈ ಆಗಿದ್ದರೆ ನಿಮ್ಮ ಅದೃಷ್ಟ. ಪಾರ್ಟಿಕಲ್ ಬೋರ್ಡ್ ಆಗಿದ್ದು ಈಗಾಗಲೇ ಉಬ್ಬಿದ್ದರೆ ಕೊಯ್ಯಿಸಲೇಬೇಡಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಕಪ್ಪು ಗ್ರಾನೈಟ್ ಹಾಕಿಸಿ. ಸನ್‌ಮೈಕಾ ಎಂಬುದು ಸುಮಾರು 1 ಮಿ.ಮೀ. ದಪ್ಪದ ಹೊದಿಕೆ ಮಾತ್ರ. ಮೇಲಿನಿಂದ ನೀರು ಬಿಡುವುದಿಲ್ಲ, ಆದರೆ ಕೊಯ್ದ ಕಡೆ ಹಸಿ ಮರ ಬಾಯಿ ತೆರೆದು ಕೂತಿರುತ್ತದೆ.

ಅಳತೆಯನ್ನು ಹಾಬಿನ ಗಾಜಿಗೆ ಹಿಡಿದು ತೆಗೆಯಬೇಡಿ. ಗಾಜು ತೂತಿಗಿಂತ ದೊಡ್ಡದು, ಅಂಚಿನ ಮೇಲೆ ಕೂರುವಂಥದ್ದು. ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ‘ಕಟೌಟ್’ ಅಳತೆ ಇರುತ್ತದೆ, ಅದೊಂದೇ ಲೆಕ್ಕ. ಹಿಂದೆ ಮುಂದೆ ಕನಿಷ್ಠ 5 ಸೆಂ.ಮೀ. ಹಲಗೆ ಉಳಿಯಬೇಕು. ಕೆಳಗೆ ಡ್ರಾಯರ್, ಅಡ್ಡಪಟ್ಟಿ ಇದೆಯೇ ಎಂದೂ ನೋಡಿಕೊಳ್ಳಿ.

ಇನ್ನು ಯಂತ್ರ. ನಮ್ಮ ಬಡಗಿಗಳು ಎಲ್ಲಕ್ಕೂ ಮಾರ್ಬಲ್ ಕಟ್ಟರ್ ತರುತ್ತಾರೆ. ಅದರ ಚಕ್ರ ದುಂಡಗಿರುವುದರಿಂದ ಹಲಗೆಯ ತಳದಲ್ಲಿ ಮೂಲೆ ಮುಟ್ಟುವಷ್ಟರಲ್ಲಿ ಮೇಲೆ ಗೆರೆ ಸುಮಾರು ಒಂದು ಇಂಚು ಮುಂದೆ ಹೋಗಿರುತ್ತದೆ. ಆ ಗೆರೆ ಗಾಜಿನಾಚೆ ಇಣುಕುತ್ತದೆ, ಸನ್‌ಮೈಕಾ ಅಲ್ಲಿಂದಲೇ ಸೀಳುತ್ತದೆ. ನಾಲ್ಕು ಮೂಲೆಗೂ ಡ್ರಿಲ್ಲಿನಿಂದ ದುಂಡು ತೂತು ಹಾಕಿ, ಜಿಗ್‌ಸಾದಲ್ಲಿ ಕೊಯ್ಯಲು ಹೇಳಿ. ಹಲ್ಲು ಸಣ್ಣದಿರಲಿ, ಕೆಳಮುಖವಾಗಿ ಕೊಯ್ಯುವ ಬ್ಲೇಡ್ ಆದರೆ ಇನ್ನೂ ಒಳ್ಳೆಯದು. ಟ್ರೂಪ್ ಬಜಾರಿನಲ್ಲಿ ವಿಚಾರಿಸಿ. ಗೆರೆಯ ಮೇಲೆ ಕಾಗದದ ಟೇಪ್ ಅಂಟಿಸಿದರೆ ಚಕ್ಕೆ ಹಾರುವುದು ಕಮ್ಮಿ. ಕೊನೆಯ ಭಾಗ ಕೊಯ್ಯುವಾಗ ಒಬ್ಬರು ಕೆಳಗಿನಿಂದ ತುಂಡು ಹಿಡಿದಿರಬೇಕು. ಅದು ತಾನಾಗಿ ಬಿದ್ದರೆ ಮೂಲೆ ಹರಿದುಕೊಂಡೇ ಬೀಳುತ್ತದೆ.

ಆಮೇಲಿನದೇ ಮುಖ್ಯ. ಕೊಯ್ದ ಅಂಚಿನ ಧೂಳು ಒರೆಸಿ, ಸುತ್ತಲೂ ವಾರ್ನಿಷ್ ಎರಡು ಕೈ ಹಚ್ಚಿಸಿ. ಒಣಗಿದ ಮೇಲೆ ಹಾಬಿನ ಜೊತೆ ಬಂದ ರಬ್ಬರ್ ಪಟ್ಟಿ ಹಾಕಿ ಕೂರಿಸಿ. ಹಾಲುಕ್ಕಿದ್ದು ಗಾಜಿನಡಿಗೆ ಇಳಿಯದ ಅಡುಗೆಮನೆಯನ್ನು ನಾನಂತೂ ಕಂಡಿಲ್ಲ.

ಗ್ಯಾಸ್ ಜೋಡಣೆ ಬಡಗಿಯ ಕೆಲಸವಲ್ಲ, ಏಜೆನ್ಸಿಯ ಮೆಕ್ಯಾನಿಕ್ ಬರಲಿ. ಸುರಕ್ಷಾ ಪೈಪ್ ಒಂದೂವರೆ ಮೀಟರ್ ಮೀರದಿರಲಿ, 5 ವರ್ಷಕ್ಕೊಮ್ಮೆ ಬದಲಿಸಿ. ಸಿಲಿಂಡರ್ ಕಪಾಟಿನೊಳಗಿದ್ದರೆ ಬಾಗಿಲಿಗೆ ನೆಲಮಟ್ಟದಲ್ಲಿ ಗಾಳಿಕಂಡಿ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ಪ್ರಶ್ನೆ: ಡಿಶ್‌ವಾಷರ್‌ಗಾಗಿ ಇಂಥದ್ದೇ ಸನ್‌ಮೈಕಾ ಕಟ್ಟೆಯ ಒಂದು ತುದಿ ಕತ್ತರಿಸಬೇಕೆಂದಿದ್ದೇವೆ. ಸರಿಯೇ?
– ನಿವೃತ್ತ ನೌಕರ, ಬರ್ಕತ್‌ಪುರ

ಉತ್ತರ: ಕಟ್ಟೆಯ ಕೆಳಗಿನ ಎತ್ತರ ಅಳೆದಿರಾ? ದೊಡ್ಡ ಡಿಶ್‌ವಾಷರ್ ಸುಮಾರು 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ. ಹಲವು ಮಾದರಿಗಳಲ್ಲಿ ಮೇಲಿನ ಮುಚ್ಚಳ ಕಳಚಿದರೆ ಎರಡು ಮೂರು ಸೆಂ.ಮೀ. ಇಳಿಯುತ್ತದೆ. ಅಷ್ಟರಲ್ಲಿ ಹಿಡಿದರೆ ಕೆಳಗಿನ ಕಪಾಟು ತೆಗೆದು ಒಳಗೆ ತಳ್ಳಿ, ಕಟ್ಟೆ ಮುಟ್ಟಬೇಡಿ. ಬಾಗಿಲು ತೆರೆದಾಗ ಬಿಸಿ ಹಬೆ ನೇರ ಹಲಗೆಯ ಅಡಿಗೆ ಬಡಿಯುತ್ತದೆ, ಅಲ್ಲಿಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಹಿಡಿಯದಿದ್ದರೆ ಮಾತ್ರ ಕತ್ತರಿಸಿ, ಉಳಿದ ತುದಿಯ ಕೆಳಗೆ ನೆಲದವರೆಗೆ ಹಲಗೆ ನಿಲ್ಲಿಸಿ.

ಪ್ರಶ್ನೆ: ಕೊಯ್ಯುವಾಗ ಸನ್‌ಮೈಕಾ ಚಕ್ಕೆ ಹಾರಿದೆ. ಪೂರ್ತಿ ಬದಲಿಸಬೇಕೇ?
– ಓದುಗ, ಕಾಚಿಗೂಡ

ಉತ್ತರ: ಹಾಬ್ ಕೂರಿಸಿ ನೋಡಿ. ಗಾಜಿನ ಅಂಚಿನಡಿ ಮುಚ್ಚಿಹೋದರೆ ಬಿಟ್ಟುಬಿಡಿ. ಹೊರಗೆ ಕಂಡರೆ ಬಣ್ಣ ಹೊಂದುವ ಮೇಣದ ಫಿಲ್ಲರ್ ತುಂಬಿಸಿದರೆ ಸಾಕು, ಬದಲಿಸುವ ಅಗತ್ಯವಿಲ್ಲ.