ಅಂತರ್ಜಾಲದ ಹೊಸ ಮಾಹಿತಿಗೆ ಕಾವಲು: ವರ್ತಕರಿಗೆ ಕೀಲಿಪದ ಅಲರ್ಟ್‌ಗಳ ಉಪಯೋಗ

2023ರ ಜುಲೈ 20ರಂದು ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು (ಡಿಜಿಎಫ್‌ಟಿ) ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಆದೇಶವು ಅಂದಿನಿಂದಲೇ ಜಾರಿಗೆ ಬಂದಿತು. ಅಧಿಸೂಚನೆಗೆ ಮುನ್ನವೇ ಹಡಗಿಗೆ ತುಂಬಲು ಆರಂಭಿಸಿದ್ದ ಅಥವಾ ಕಸ್ಟಮ್ಸ್ ವಶಕ್ಕೆ ಒಪ್ಪಿಸಿದ್ದ ಸರಕಿನಂತಹ ಕೆಲವೇ ಪ್ರಕರಣಗಳಿಗೆ ವಿನಾಯಿತಿ ದೊರೆಯಿತು. ಕುಚ್ಚದೆ ಮಿಲ್ ಮಾಡಿದ ಸೋನಾ ಮಸೂರಿ ಅಕ್ಕಿಯೂ ಈ ನಿಷೇಧದ ವ್ಯಾಪ್ತಿಗೆ ಒಳಪಟ್ಟಿತು. ಇಂತಹ ಸಂದರ್ಭದಲ್ಲಿ ಸುದ್ದಿಯು ಅಂದೇ ತಿಳಿದವನಿಗೂ ನಾಲ್ಕು ದಿನ ತಡವಾಗಿ ತಿಳಿದವನಿಗೂ ಇರುವ ಅಂತರವು ಕೇವಲ ಮಾಹಿತಿಯದ್ದಲ್ಲ. ಆ ನಾಲ್ಕು ದಿನಗಳಲ್ಲಿ ಒಪ್ಪಿಕೊಂಡ ಆರ್ಡರ್, ಖರೀದಿಸಿದ ಭತ್ತ, ಕೊಟ್ಟ ಮುಂಗಡ ಇವೆಲ್ಲವೂ ನಷ್ಟದ ಲೆಕ್ಕಕ್ಕೆ ಸೇರುತ್ತವೆ.

ಸರ್ಕಾರದ ಎಲ್ಲ ಜಾಲತಾಣಗಳನ್ನು ಪ್ರತಿದಿನ ತೆರೆದು ನೋಡುವಷ್ಟು ಸಮಯವಾಗಲಿ ಸಿಬ್ಬಂದಿಯಾಗಲಿ ಸಣ್ಣ ಉದ್ದಿಮೆದಾರರಿಗೆ ಇರುವುದಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ, ಖರ್ಚಿಲ್ಲದ ಸಾಧನವೇ ಕೀಲಿಪದ ಅಲರ್ಟ್.

ಅಲರ್ಟ್ ಎಂದರೇನು?

ಶೋಧಯಂತ್ರವು ಅಂತರ್ಜಾಲದ ಪುಟಗಳನ್ನು ಸತತವಾಗಿ ಓದಿ ತನ್ನ ಸೂಚಿಯಲ್ಲಿ ದಾಖಲಿಸಿಕೊಳ್ಳುತ್ತಿರುತ್ತದೆ. ಬಳಕೆದಾರರು ಒಂದು ಪದವನ್ನು ಮೊದಲೇ ನೋಂದಾಯಿಸಿಟ್ಟರೆ, ಆ ಪದವುಳ್ಳ ಪುಟವು ಹೊಸದಾಗಿ ಸೂಚಿಗೆ ಸೇರಿದಾಗ ಅದರ ಕೊಂಡಿಯು ಇ-ಮೇಲ್ ಮೂಲಕ ಬರುತ್ತದೆ. 2003ರಲ್ಲಿ ಆರಂಭವಾದ ಗೂಗಲ್ ಅಲರ್ಟ್ಸ್ ಈ ಬಗೆಯ ಸೇವೆಗಳಲ್ಲಿ ಹೆಚ್ಚು ಪರಿಚಿತವಾದುದು ಮತ್ತು ಉಚಿತವಾದುದು. ಪದವನ್ನು ಬರೆದು, ಸೂಚನೆಯು ಕಂಡಕೂಡಲೇ ಬರಬೇಕೇ, ದಿನಕ್ಕೊಮ್ಮೆಯೇ, ವಾರಕ್ಕೊಮ್ಮೆಯೇ ಎಂಬುದನ್ನು ಆರಿಸಬೇಕು. ಭಾಷೆ, ದೇಶ, ಮೂಲದ ಬಗೆ ಇವನ್ನೂ ನಿಗದಿಪಡಿಸಬಹುದು. ‘ಉತ್ತಮ ಫಲಿತಾಂಶ ಮಾತ್ರ’ ಮತ್ತು ‘ಎಲ್ಲ ಫಲಿತಾಂಶ’ ಎಂಬ ಎರಡು ಆಯ್ಕೆಗಳೂ ಇವೆ. ವಿರಳವಾಗಿ ಬಳಕೆಯಾಗುವ ಪದಕ್ಕೆ ಎರಡನೆಯದೂ, ಎಲ್ಲೆಡೆ ಬಳಕೆಯಾಗುವ ಪದಕ್ಕೆ ಮೊದಲನೆಯದೂ ಸೂಕ್ತ.

ಇಷ್ಟು ಕೆಲಸ ಐದು ನಿಮಿಷದ್ದು. ಕಷ್ಟವಿರುವುದು ಪದದ ಆಯ್ಕೆಯಲ್ಲಿ.

ಯಾರ ಪದ?

ಹೆಚ್ಚಿನ ವರ್ತಕರು ತಮ್ಮ ಪೇಟೆಯಲ್ಲಿ ರೂಢಿಯಲ್ಲಿರುವ ಪದವನ್ನೇ ಅಲರ್ಟ್‌ಗೆ ಕೊಡುತ್ತಾರೆ. ಆದರೆ ಆದೇಶವನ್ನು ಬರೆಯುವವರು ಪೇಟೆಯ ಪದವನ್ನು ಬಳಸುವುದಿಲ್ಲ. ಮೇಲೆ ಹೇಳಿದ ಅಕ್ಕಿಯ ಅಧಿಸೂಚನೆಯಲ್ಲಿ ‘ಸೋನಾ ಮಸೂರಿ’ ಎಂಬ ಹೆಸರಿರಲಿಲ್ಲ. ಅಲ್ಲಿ ಇದ್ದುದು ‘ಬಾಸ್ಮತಿಯೇತರ ಬಿಳಿ ಅಕ್ಕಿ’ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದಗಳು ಮತ್ತು 1006 30 90 ಎಂಬ ಎಚ್.ಎಸ್. ಸಂಕೇತ. ಸೋನಾ ಮಸೂರಿಯ ಹೆಸರಿನಲ್ಲಿ ಮಾತ್ರ ಅಲರ್ಟ್ ಇಟ್ಟಿದ್ದವರಿಗೆ ಮೂಲ ಆದೇಶವು ಸಿಗುವಂತಿರಲಿಲ್ಲ. ಯಾವುದಾದರೂ ಪತ್ರಿಕೆಯು ಆ ಹೆಸರನ್ನು ಸೇರಿಸಿ ವರದಿ ಮಾಡುವವರೆಗೆ ಅವರು ಕಾಯಬೇಕಾಗಿತ್ತು.

ಆಟಿಕೆಗಳ ಉದಾಹರಣೆಯು ಇದಕ್ಕಿಂತಲೂ ಬೋಧಪ್ರದವಾದುದು. ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತನ್ನು ಕಡ್ಡಾಯಗೊಳಿಸುವ ಗುಣಮಟ್ಟ ನಿಯಂತ್ರಣ ಆದೇಶವು 2020ರ ಫೆಬ್ರುವರಿಯಲ್ಲಿ ಹೊರಬಿದ್ದಿತು. ಅದು 2020ರ ಸೆಪ್ಟೆಂಬರ್ 1ರಿಂದ ಜಾರಿಯಾಗಬೇಕಿದ್ದು, ನಂತರ 2021ರ ಜನವರಿ 1ಕ್ಕೆ ಮುಂದೂಡಲ್ಪಟ್ಟಿತು. 2020ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿಯು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಆಟಿಕೆಗಳಿಗೂ, ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಉತ್ಪನ್ನಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿತು. ಚನ್ನಪಟ್ಟಣದ ಬಣ್ಣದ ಮರದ ಆಟಿಕೆಗಳಿಗೆ ಭೌಗೋಳಿಕ ಸೂಚಕ ನೋಂದಣಿ ಇರುವುದರಿಂದ ಈ ತಿದ್ದುಪಡಿಯು ಅಲ್ಲಿನ ತಯಾರಕರಿಗೆ ನೇರವಾಗಿ ಸಂಬಂಧಿಸಿತ್ತು. ಆದರೂ ‘ಚನ್ನಪಟ್ಟಣ’ ಎಂಬ ಪದವು ವಿನಾಯಿತಿಯ ಪಠ್ಯದಲ್ಲಿ ಇರಲಿಲ್ಲ. ಅಲ್ಲದೆ, ವಿನಾಯಿತಿಯು ಊರಿಗೆ ದೊರೆತದ್ದಲ್ಲ, ನೋಂದಣಿ ಉಳ್ಳವರಿಗೆ ದೊರೆತದ್ದು. ಸಕಾಲದಲ್ಲಿ ಆದೇಶವನ್ನು ಓದಿದ ತಯಾರಕರಿಗೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಅಗತ್ಯವೂ ಆಗಲೇ ಮನವರಿಕೆಯಾಗುತ್ತಿತ್ತು.

ಆದುದರಿಂದ ಪ್ರತಿಯೊಂದು ಸರಕಿಗೂ ನಾಲ್ಕು ಬಗೆಯ ಪದಗಳನ್ನು ಪಟ್ಟಿ ಮಾಡಿಕೊಳ್ಳುವುದು ಅವಶ್ಯಕ:

1. ಪೇಟೆಯ ಹೆಸರು ಮತ್ತು ಅದರ ಕಾಗುಣಿತ ಭೇದಗಳು. ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಇಂಗ್ಲಿಷಿನಲ್ಲಿ ‘ಡಿ’ ಮತ್ತು ‘ಜಿ’ ಅಕ್ಷರಗಳ ನಡುವೆ ‘ಎ’ ಸೇರಿಸಿಯೂ ಸೇರಿಸದೆಯೂ ಬರೆಯುವ ರೂಢಿಯಿದೆ. ಮೆಣಸಿನಕಾಯಿಯ ಇಂಗ್ಲಿಷ್ ಪದವಾದ ‘ಚಿಲ್ಲಿ’ಗೆ ಭಾರತದಲ್ಲಿ ಎರಡು ‘ಎಲ್’ ಇದ್ದರೆ ಅಮೆರಿಕದಲ್ಲಿ ಒಂದೇ.

2. ಕಾನೂನಿನಲ್ಲಿ ಬಳಕೆಯಾಗುವ ಹೆಸರು. ಐರೋಪ್ಯ ಒಕ್ಕೂಟದ ಆಹಾರ ತಪಾಸಣೆಯ ನಿಯಮಗಳಲ್ಲಿ ಮೆಣಸಿನಕಾಯಿಯು ‘ಕ್ಯಾಪ್ಸಿಕಂ’ ಕುಲದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ.

3. ಎಚ್.ಎಸ್. ಸಂಕೇತ. ಒಣ ಮೆಣಸಿನಕಾಯಿ ಮತ್ತು ಅದರ ಪುಡಿ 0904ರ ಅಡಿಯಲ್ಲಿಯೂ, ಆಟಿಕೆಗಳು 9503ರ ಅಡಿಯಲ್ಲಿಯೂ ಬರುತ್ತವೆ. ಬರಿಯ ಅಂಕಿಯನ್ನು ಕೊಟ್ಟರೆ ಅಸಂಬದ್ಧ ಪುಟಗಳು ಬರುವುದರಿಂದ ಅದನ್ನು ಸರಕಿನ ಹೆಸರಿನೊಡನೆ ಸೇರಿಸಿ ಕೊಡಬೇಕು.

4. ಸಂಸ್ಥೆಯ ಮತ್ತು ಬ್ರ್ಯಾಂಡಿನ ಹೆಸರು. ಆ ಹೆಸರನ್ನು ಅನ್ಯರು ಬಳಸಿ ಮಾರಾಟಕ್ಕಿಳಿದಿದ್ದರೆ ತಿಳಿಯಲು ಇದು ಸಹಾಯಕ.

ಜರಡಿ ಹಿಡಿಯುವ ಚಿಹ್ನೆಗಳು

ಪದವನ್ನು ಹಾಗೆಯೇ ಕೊಟ್ಟರೆ ಕಾಳಿಗಿಂತ ಹೊಟ್ಟೇ ಹೆಚ್ಚು ಬರುವುದುಂಟು. ಎರಡು ಅಥವಾ ಹೆಚ್ಚಿನ ಪದಗಳು ಅದೇ ಕ್ರಮದಲ್ಲಿ ಬರಬೇಕಿದ್ದರೆ ಅವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಕಾಗುಣಿತ ಭೇದಗಳನ್ನು ಒಂದೇ ಅಲರ್ಟ್‌ನಲ್ಲಿ ಸೇರಿಸಲು ಅವುಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆರ್’ ಎಂಬ ಪದವನ್ನು ಇಡಬೇಕು. ಬೇಡವಾದ ಪದದ ಹಿಂದೆ ಜಾಗ ಬಿಡದೆ ಋಣ ಚಿಹ್ನೆಯನ್ನು ಹಾಕಿದರೆ ಆ ಪದವುಳ್ಳ ಪುಟಗಳು ಬರುವುದಿಲ್ಲ. ಮೆಣಸಿನಕಾಯಿಯ ಅಲರ್ಟ್‌ಗೆ ಅಡುಗೆ ವಿಧಾನಗಳು ಬಂದು ತುಂಬಿಕೊಳ್ಳುತ್ತಿದ್ದರೆ ‘ರೆಸಿಪಿ’ ಎಂಬುದನ್ನೂ, ಆಟಿಕೆಯ ಅಲರ್ಟ್‌ಗೆ ‘ಟಾಯ್ ಸ್ಟೋರಿ’ ಚಲನಚಿತ್ರದ ಸುದ್ದಿ ಬರುತ್ತಿದ್ದರೆ ‘ಸ್ಟೋರಿ’ ಎಂಬುದನ್ನೂ ಹೀಗೆ ತೆಗೆದುಹಾಕಬಹುದು. ಒಂದೇ ಜಾಲತಾಣದ ಮೇಲೆ ಕಣ್ಣಿಡಬೇಕಿದ್ದರೆ ‘ಸೈಟ್’ ಎಂಬ ಇಂಗ್ಲಿಷ್ ಪದ, ವಿವರಣ ಚಿಹ್ನೆ, ಅದಕ್ಕೆ ಹೊಂದಿಕೊಂಡಂತೆ ತಾಣದ ವಿಳಾಸ, ನಂತರ ಬೇಕಾದ ಪದ ಎಂಬ ಕ್ರಮದಲ್ಲಿ ಬರೆಯಬೇಕು.

ರಫ್ತುದಾರರಿಗೆ ಪ್ರತ್ಯೇಕ ಸೇವೆ

ವಿದೇಶಗಳ ನಿಯಮಗಳ ಬಗ್ಗೆ ಶೋಧಯಂತ್ರಕ್ಕಿಂತ ನಂಬಿಕೆಗೆ ಅರ್ಹವಾದ ಒಂದು ಅಲರ್ಟ್ ವ್ಯವಸ್ಥೆಯಿದೆ. ವಿಶ್ವ ವ್ಯಾಪಾರ ಸಂಸ್ಥೆಯು ವಿಶ್ವಸಂಸ್ಥೆ ಹಾಗೂ ಅಂತಾರಾಷ್ಟ್ರೀಯ ವ್ಯಾಪಾರ ಕೇಂದ್ರದೊಡನೆ ಸೇರಿ 2016ರಲ್ಲಿ ಆರಂಭಿಸಿದ ‘ಈ-ಪಿಂಗ್’ ಎಂಬ ಸೇವೆಯು ಉಚಿತವಾದುದು. ಸದಸ್ಯ ರಾಷ್ಟ್ರಗಳು ಆಹಾರ ಸುರಕ್ಷತೆ, ಸಸ್ಯ ಮತ್ತು ಪ್ರಾಣಿ ಆರೋಗ್ಯ ಹಾಗೂ ತಾಂತ್ರಿಕ ಮಾನದಂಡಗಳ ವಿಷಯದಲ್ಲಿ ತರಲಿರುವ ಬದಲಾವಣೆಗಳನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ಸರಕನ್ನೂ ದೇಶವನ್ನೂ ಆರಿಸಿಟ್ಟ ವರ್ತಕರಿಗೆ ಈ-ಪಿಂಗ್ ಅವುಗಳನ್ನು ಇ-ಮೇಲ್ ಮೂಲಕ ತಲುಪಿಸುತ್ತದೆ. ಕರಡು ನಿಯಮಕ್ಕೆ ಅಭಿಪ್ರಾಯ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ. ಜಾರಿಯಾದ ನಿಯಮವನ್ನು ಪಾಲಿಸುವುದಷ್ಟೇ ಅಲ್ಲದೆ, ಕರಡಿನ ಹಂತದಲ್ಲಿಯೇ ವಾಣಿಜ್ಯ ಮಂಡಲಿಗಳ ಮೂಲಕ ಆಕ್ಷೇಪವನ್ನು ಮುಟ್ಟಿಸಲು ಇದರಿಂದ ಸಾಧ್ಯವಾಗುತ್ತದೆ.

ಅಲರ್ಟ್ ಕಾಣದಿರುವುದು

ಈ ಕಾವಲುಗಾರನಿಗೂ ಕುರುಡು ಮೂಲೆಗಳಿವೆ. ಲಾಗಿನ್ ಆದ ನಂತರವೇ ತೆರೆಯುವ ಪುಟಗಳನ್ನು ಶೋಧಯಂತ್ರವು ಓದಲಾರದು. ಸ್ಕ್ಯಾನ್ ಮಾಡಿ ಹಾಕಿದ ಆದೇಶಗಳ ಅಕ್ಷರಗಳು ಅದಕ್ಕೆ ಹಲವು ವೇಳೆ ಸಿಕ್ಕುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಬೇರೆ ಸಂಕೇತಗಳಾದುದರಿಂದ ಕನ್ನಡದ ಕೀಲಿಪದಕ್ಕೆ ಅವು ಹೊಂದುವುದಿಲ್ಲ. ಮತ್ತೊಂದೆಡೆ, ಹಳೆಯ ಪುಟವೊಂದು ಸೂಚಿಗೆ ತಡವಾಗಿ ಸೇರಿ ಹೊಸದೆಂಬಂತೆ ಬರುವುದೂ ಉಂಟು. ಆದಕಾರಣ ಬಂದ ಕೊಂಡಿಯಲ್ಲಿ ಆದೇಶದ ದಿನಾಂಕವನ್ನೂ ಸಂಖ್ಯೆಯನ್ನೂ ಮೊದಲು ನೋಡತಕ್ಕದ್ದು.

ಅವಧಿ ಮೀರಿದರೆ ಹಕ್ಕಿಗೇ ಧಕ್ಕೆಯಾಗುವ ವಿಷಯಗಳನ್ನು ಅಲರ್ಟ್‌ಗೆ ಮಾತ್ರ ಒಪ್ಪಿಸಬಾರದು. ವ್ಯಾಪಾರ ಚಿಹ್ನೆಗಳ ಪತ್ರಿಕೆಯು (ಟ್ರೇಡ್ ಮಾರ್ಕ್ಸ್ ಜರ್ನಲ್) ವಾರಕ್ಕೊಮ್ಮೆ ಪ್ರಕಟವಾಗುತ್ತದೆ. ಅದರಲ್ಲಿ ಅನ್ಯರ ಚಿಹ್ನೆಯು ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ವಿರೋಧ ಸಲ್ಲಿಸಬೇಕು. ತಮ್ಮ ಬ್ರ್ಯಾಂಡನ್ನು ಹೋಲುವ ಚಿಹ್ನೆಗೆ ನೋಂದಣಿ ದೊರೆತ ಮೇಲೆ ಅದನ್ನು ರದ್ದುಪಡಿಸಲು ಹೋರಾಡುವುದು ದೀರ್ಘವೂ ದುಬಾರಿಯೂ ಆದ ದಾರಿ. ಈ ಪತ್ರಿಕೆಯನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಪರಿಶೀಲಿಸುವುದೇ ಕ್ಷೇಮ.

ದಿನಚರಿಯಲ್ಲಿ ಅಳವಡಿಕೆ

ಅಲರ್ಟ್ ಇಟ್ಟ ಮೊದಲ ವಾರದ ಉತ್ಸಾಹವು ಎರಡನೆಯ ತಿಂಗಳಲ್ಲಿ ಉಳಿಯದಿರುವುದೇ ಹೆಚ್ಚು. ಇದನ್ನು ತಪ್ಪಿಸಲು ಕೆಲವು ಕ್ರಮಗಳು ಉಪಯುಕ್ತ. ಆರಂಭದಲ್ಲಿ ಐದಾರು ಅಲರ್ಟ್‌ಗಳನ್ನು ಮಾತ್ರ ಇಡಬೇಕು. ಅವು ಬರುವ ಇ-ಮೇಲ್ ವಿಳಾಸವು ಮಾಲೀಕರೂ ಒಬ್ಬ ಗುಮಾಸ್ತರೂ ನೋಡುವಂತಹುದಾಗಿರಬೇಕು. ಅಂಗಡಿ ಅಥವಾ ಕಾರ್ಖಾನೆ ತೆರೆದ ಮೇಲೆ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಟ್ಟು, ಮುಖ್ಯವಾದ ಆದೇಶದ ಸಂಖ್ಯೆ, ಜಾರಿಯ ದಿನಾಂಕ, ಮಾಡಬೇಕಾದ ಕೆಲಸ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ಪದಗಳ ಪಟ್ಟಿಯನ್ನು ಪರಿಷ್ಕರಿಸಬೇಕು. ಹೊಸ ಆದೇಶವೊಂದರಲ್ಲಿ ತಮ್ಮ ಸರಕಿಗೆ ಬಳಸಿದ ಹೊಸ ಪದ ಕಂಡುಬಂದರೆ ಅದನ್ನು ಅಂದೇ ಸೇರಿಸಿಕೊಳ್ಳಬೇಕು.

ಅಕ್ಕಿಯ ಮೇಲಿನ ನಿಷೇಧವು 2024ರ ಸೆಪ್ಟೆಂಬರ್ 28ರಂದು ತೆರವಾಯಿತು. ಆ ಸುದ್ದಿಯೂ ಅದೇ ಪದಗಳಲ್ಲಿ, ಅದೇ ಸಂಕೇತದೊಡನೆ ಬಂದಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಒಕ್ಕಲಿನ ಕಣದಲ್ಲಿ ಹುಟ್ಟಿದ ಮಾತು. ಗಾಳಿ ಯಾವ ಹೆಸರಿನಲ್ಲಿ ಬರುತ್ತದೆಂಬುದನ್ನು ಅರಿತು ಪದವನ್ನು ಆರಿಸಿಟ್ಟ ವರ್ತಕರಿಗೆ ನಷ್ಟವನ್ನು ತಪ್ಪಿಸಿಕೊಳ್ಳಲು ಮಾತ್ರವಲ್ಲ, ಅವಕಾಶವನ್ನು ಮೊದಲು ಹಿಡಿಯಲು ಕೂಡ ಈ ಸಾಧನವು ನೆರವಾಗುವುದು.