ಲ್ಯಾಪ್‌ಟಾಪ್ ಏಳಲು ತಡವೇಕೆ? ಕಾರಣ ಹುಡುಕುವ ಕ್ರಮ



ಪಹಣಿ ಪಡೆಯುವುದಕ್ಕೆ, ಬೆಳೆ ವಿಮೆಗೆ ಹೆಸರು ಸೇರಿಸುವುದಕ್ಕೆ, ಬತ್ತದ ಧಾರಣೆ ನೋಡುವುದಕ್ಕೆ ಈಗ ನಮ್ಮ ಹಳ್ಳಿಗಳಲ್ಲಿ ಲ್ಯಾಪ್‌ಟಾಪ್ ಬಳಕೆಗೆ ಬಂದಿದೆ. ಎತ್ತು ಮೇವು ಬಿಟ್ಟರೆ ಬಾಯಿ, ಗೊರಸು, ಸಗಣಿ ನೋಡಿ ಕಾರಣ ತಿಳಿಯುವವರು ನೀವು. ಆದರೆ ಈ ಯಂತ್ರ ತಡಮಾಡಿದರೆ ಮಾತ್ರ 'ಹಳೆಯದಾಯಿತು' ಎಂದು ಕೈಬಿಡುತ್ತೀರಿ. ನಾನೂ ಹಾಗೆ ಹೇಳಿ ಒಮ್ಮೆ ತಪ್ಪಿದ್ದೇನೆ.

ಗಂಗಾವತಿ ಕಡೆಯ ಒಂದು ಹಳ್ಳಿಯ ಸೇವಾ ಕೇಂದ್ರದಲ್ಲಿ ಬೆಂಗಳೂರಿನಿಂದ ಕೊಂಡು ತಂದ ಹಳೆಯ ಲ್ಯಾಪ್‌ಟಾಪ್ ಇತ್ತು. ಗುಂಡಿ ಒತ್ತಿದ ಮೇಲೆ ಕೆಲಸಕ್ಕೆ ಬರಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಹೊಸದು ಕೊಳ್ಳಿರೆಂದು ಹೇಳಿ ನಾನು ಸುಮ್ಮನಾದೆ. ಬೆಳೆ ವಿಮೆಯ ಕೊನೆಯ ದಿನ ಸಂಜೆ ಕರೆಂಟು ಹೋಗಿ ಬರುತ್ತಿತ್ತು, ಬ್ಯಾಟರಿಯೂ ಸತ್ತಿತ್ತು. ಪ್ರತಿ ಸಲವೂ ಹನ್ನೊಂದು ನಿಮಿಷ. ಮೂವರು ಕಾದು ಬೇಸತ್ತು ಮನೆಗೆ ಹೋದರು. ಅವರ ಹೆಸರು ಸೇರಲೇ ಇಲ್ಲ. ಅವರಲ್ಲೊಬ್ಬ ತಾಯಿ ಮರುದಿನ ಕೇಳಿದರು: "ಯಾಕೋ ತಮ್ಮಾ, ಮಿಷನ್ನು ನಿದ್ದಿ ಮಾಡಿದ್ರ ನಮ್ಮ ಹೊಲದ ಗತಿ ಏನು?" ಆ ಮಾತಿನಿಂದಲೇ ಈ ಪಾಠ ಹುಟ್ಟಿತು.

ಕಾರಣವೇನು?

ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಮೇಲ್ಭಾಗದವರೆಲ್ಲ ಒಮ್ಮೆಗೇ ತೂಬು ಎತ್ತಿದರೆ ಕೊನೆಭಾಗಕ್ಕೆ ನೀರು ಮುಟ್ಟುವುದು ಯಾವಾಗ? ಲ್ಯಾಪ್‌ಟಾಪಿನಲ್ಲಿಯೂ ಇದೇ ನಡೆಯುತ್ತದೆ. ವಿಂಡೋಸ್ ಏಳುವಾಗ ತಮ್ಮನ್ನೂ ಎಬ್ಬಿಸಬೇಕೆಂದು ಹೆಸರು ಬರೆಸಿಕೊಂಡ ತಂತ್ರಾಂಶಗಳು ಅನೇಕ. ಅವುಗಳಲ್ಲಿ ಜಾಲಕ್ಕೆ, ಅಂದರೆ ನೆಟ್‌ವರ್ಕಿಗೆ ಸೇರಿದವು ಹೆಚ್ಚು ಕಾಡುತ್ತವೆ: ಹಳೆಯ ಡೇಟಾ ಕಾರ್ಡಿನ ತಂತ್ರಾಂಶ, ಕಂಪನಿಯ ಕಚೇರಿಗೆ ಕೂಡಿಸುವ ವಿಪಿಎನ್, ಎಂದೋ ಜೋಡಿಸಿದ ಬೇರೆ ಗಣಕದ ಡ್ರೈವ್. ಊರು ಬಿಟ್ಟು ಹೋದವನ ಬಾಗಿಲು ಬಡಿದು ಕಾಯುವಂತೆ, ಇವು ಈಗ ಇಲ್ಲದ ಸಂಪರ್ಕಕ್ಕಾಗಿ ಕಾಯುತ್ತಿರುತ್ತವೆ.

ಪರೀಕ್ಷಿಸುವ ಕ್ರಮ

1. ಮೊದಲು ಗಡಿಯಾರ ಹಿಡಿದು ಅಳೆಯಿರಿ. ಇದಕ್ಕೆ 'ಶಟ್ ಡೌನ್' ಬೇಡ, 'ರೀಸ್ಟಾರ್ಟ್' ಒತ್ತಿರಿ. ವಿಂಡೋಸ್ 10 ಮತ್ತು 11ರಲ್ಲಿ ಶಟ್ ಡೌನ್ ಮಾಡಿದಾಗ ಸಾಮಾನ್ಯವಾಗಿ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಲೆಕ್ಕ ತಪ್ಪುತ್ತದೆ. ಎರಡು ಸಲ ಅಳೆದು ಬರೆದಿಡಿರಿ.

2. ಡೇಟಾ ಕಾರ್ಡು, ಕೇಬಲ್ ತೆಗೆದು, 'ಏರೋಪ್ಲೇನ್ ಮೋಡ್' ಹಾಕಿ ಪುನಃ ರೀಸ್ಟಾರ್ಟ್ ಮಾಡಿರಿ. ವೇಳೆ ಬಹಳ ಕಡಿಮೆಯಾದರೂ ಬಹಳ ಹೆಚ್ಚಾದರೂ ಜಾಲದ ತಂತ್ರಾಂಶದ ಮೇಲೆ ಸಂಶಯಪಡಬೇಕು.

3. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಕೂಡಿಸಿ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅದರಲ್ಲಿ 'ಸ್ಟಾರ್ಟಪ್' ಭಾಗ ನೋಡಿರಿ. 'ಹೈ' ಎಂದು ಗುರುತಾದವು ಹೆಚ್ಚು ಹೊರೆ ಹೊರಿಸುವಂಥವು. ಬೇಡವಾದುದನ್ನು 'ಡಿಸೇಬಲ್' ಮಾಡಿರಿ. ಇದರಿಂದ ತಂತ್ರಾಂಶ ಅಳಿಯುವುದಿಲ್ಲ, ತಾನಾಗಿ ಏಳುವುದು ಮಾತ್ರ ನಿಲ್ಲುತ್ತದೆ.

4. ಕಡಿಮೆಯಾಗದಿದ್ದರೆ ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ, 'ಎಂಎಸ್‌ಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ, 'ಸರ್ವಿಸಸ್' ಭಾಗಕ್ಕೆ ಹೋಗಿರಿ. 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂಬುದಕ್ಕೆ ಮೊದಲು ಗುರುತು ಹಾಕಲೇಬೇಕು. ಪಟ್ಟಿಯ ಫೋಟೋ ತೆಗೆದುಕೊಂಡು, ಅರ್ಧವನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿರಿ. ಬೇಗ ಎದ್ದರೆ ದೋಷ ಆ ಅರ್ಧದಲ್ಲಿದೆ. ಇಲ್ಲವಾದರೆ ಉಳಿದ ಅರ್ಧದಲ್ಲಿ ಹುಡುಕಿರಿ. ದೋಷ ಒಂದರಲ್ಲೇ ಇದ್ದರೆ, ಹದಿನಾರು ಇದ್ದರೂ ಎಂಟು, ನಾಲ್ಕು, ಎರಡು, ಒಂದು ಎಂದು ನಾಲ್ಕೇ ಸಲಕ್ಕೆ ಸಿಗುತ್ತದೆ. ನಿರ್ದೋಷಿಗಳನ್ನು ಮರಳಿ ಚಾಲೂ ಮಾಡಲು ಮರೆಯಬೇಡಿರಿ.

5. 'ದಿಸ್ ಪಿಸಿ' ತೆರೆದಾಗ ಕೆಂಪು ಅಡ್ಡಗೀಟು ಬಿದ್ದ ನೆಟ್‌ವರ್ಕ್ ಡ್ರೈವ್ ಕಂಡು, ಅದು ಯಾರಿಗೂ ಬೇಡವಾಗಿದ್ದರೆ, ಬಲಗುಂಡಿ ಒತ್ತಿ 'ಡಿಸ್‌ಕನೆಕ್ಟ್' ಮಾಡಿರಿ.

6. ದೋಷಿ ಖಚಿತವಾದ ಮೇಲೆ 'ಸೆಟಿಂಗ್ಸ್'ನ 'ಆಪ್ಸ್' ಭಾಗದಿಂದ ಅದನ್ನು ತೆಗೆದುಹಾಕಿ, ಇಂಟರ್ನೆಟ್ ಸರಿಯಾಗಿ ಬರುವುದೇ ಎಂದು ನೋಡಿರಿ.

ಇಷ್ಟಾದರೂ ವೇಳೆ ಇಳಿಯದಿದ್ದರೆ ಕಾರಣ ಬೇರೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದಲ್ಲಿ ಅದರ ಬದಲು ಎಸ್‌ಎಸ್‌ಡಿ ಹಾಕಿಸಬಹುದು. ಹೊಸ ಲ್ಯಾಪ್‌ಟಾಪಿಗಿಂತ ಇದರ ಖರ್ಚು ಬಹಳ ಕಡಿಮೆ.

ಮಾಡಬಾರದ ಕೆಲಸಗಳು

ವೈರಸ್ ತಡೆಯುವ ತಂತ್ರಾಂಶವನ್ನು ನಿಲ್ಲಿಸಬಾರದು. 'ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್' ಎಂಬ ಸೇವೆ ನಿಂತರೆ ವೈಫೈ ಸಿಗುವುದಿಲ್ಲ, ಅದನ್ನು ಮುಟ್ಟಬಾರದು. ಮಗ ಅಥವಾ ಮಗಳ ನೌಕರಿಯ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಇದ್ದರೆ ಅವರನ್ನು ಕೇಳದೆ ತೆಗೆಯಬಾರದು. 'ವೇಗ ಹೆಚ್ಚಿಸುತ್ತೇವೆ' ಎಂದು ಫೋನು ಮಾಡುವ ಅಪರಿಚಿತರಿಗೆ ಯಂತ್ರದ ಹಿಡಿತವನ್ನಾಗಲಿ ಓಟಿಪಿಯನ್ನಾಗಲಿ ಕೊಡಲೇಬಾರದು.

ಆ ಸೇವಾ ಕೇಂದ್ರದಲ್ಲಿ ಸಿಕ್ಕ ದೋಷಿಗಳು ಎರಡು: ಎಂದೋ ಕಳೆದುಹೋದ ಡೇಟಾ ಕಾರ್ಡಿನ ತಂತ್ರಾಂಶ, ಮತ್ತು ಹಿಂದಿನ ಮಾಲೀಕರ ಕಂಪನಿಯ ವಿಪಿಎನ್. ಎರಡನ್ನೂ ತೆಗೆದ ಮೇಲೆ ಹನ್ನೊಂದು ನಿಮಿಷ ಎರಡೂವರೆಗೆ ಇಳಿಯಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಿಡಿದದ್ದು ಒಂದು ಮಧ್ಯಾಹ್ನ. ಆದರೆ ಆ ಮೂವರ ವಿಮೆಯ ದಿನ ಮರಳಿ ಬರಲಿಲ್ಲ. ಆದುದರಿಂದ ಬಿತ್ತನೆಗೆ ಮುಂಚೆ ಕೂರಿಗೆ ಸರಿಮಾಡಿಕೊಳ್ಳುವಂತೆ, ಅರ್ಜಿಯ ಕಾಲಕ್ಕೆ ಮುಂಚೆಯೇ ನಿಮ್ಮೂರ ಲ್ಯಾಪ್‌ಟಾಪನ್ನು ಪರೀಕ್ಷಿಸಿರಿ.

ನೀವೇ ಉತ್ತರಿಸಿರಿ

1. ವೇಳೆ ಅಳೆಯಲು ರೀಸ್ಟಾರ್ಟ್ ಏಕೆ ಮಾಡಬೇಕು?
2. ಎಂಟು ಸೇವೆಗಳಲ್ಲಿ ದೋಷಿ ಒಂದೇ ಇದ್ದರೆ ಎಷ್ಟು ಸಲ ಪರೀಕ್ಷಿಸಬೇಕು?
3. ನಿಮ್ಮೂರಿನ ಲ್ಯಾಪ್‌ಟಾಪ್ ಏಳಲು ಎಷ್ಟು ನಿಮಿಷ ಬೇಕು? ಅಳೆದು, ನಾನು ನಿಮ್ಮೂರಿಗೆ ಬಂದಾಗ ತಿಳಿಸಿರಿ.

ನಿಮ್ಮ ಗ್ರಾಮಸೇವಕ