ಕ್ಷಮೆ ಯಾರದು? ಶಿಕ್ಷೆ ಯಾರಿಗೆ?



ಒಂದು ಗೇಣು ಬದುವಿನ ಮಣ್ಣಿಗಾಗಿ ಎರಡು ಮನೆಯವರು ತಲೆಮಾರುಗಟ್ಟಲೆ ಮಾತು ಬಿಟ್ಟಿರುವುದನ್ನು ನೀವು ಕಂಡಿದ್ದೀರಿ. ಮೊದಲು ಬೈಗಳು, ಆಮೇಲೆ ದೊಣ್ಣೆ, ಕಡೆಗೆ ಮಚ್ಚು. ಮೊದಲು ಕೈಮಾಡಿದವರು ಯಾರೆಂದು ಕೇಳಿದರೆ ಇಬ್ಬರೂ ಎದುರು ಮನೆಯ ಕಡೆಗೇ ಬೆರಳು ತೋರಿಸುತ್ತಾರೆ. ಹಗೆಯ ಸ್ವಭಾವವೇ ಅಂಥದು. ಅದರ ಬೇರು ಎಲ್ಲಿದೆಯೆಂದು ಯಾರಿಗೂ ತಿಳಿಯದು, ಫಲವನ್ನು ಮಾತ್ರ ಎಲ್ಲರೂ ಉಣ್ಣಬೇಕು.

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮಗ್ಗುಲಿಗೆ ಸಿದ್ಧಾರ್ಥನಗರ ಎಂಬ ಬಡಾವಣೆಯಿದೆ. ಜಿಲ್ಲಾಧಿಕಾರಿಗಳ ಹೊಸ ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆ ಅದು ಗೊತ್ತು. ಸಿದ್ಧಾರ್ಥನೆಂದರೆ ಬುದ್ಧ. ಅಂಗುಲಿಮಾಲನೆಂಬ ಕೊಲೆಗಡುಕನನ್ನು ಆತ ತಿದ್ದಿದ ಕಥೆಯನ್ನು ಹಲವರು ಕೇಳಿರಬಹುದು. ಆ ಕಥೆಯ ಕೊನೆಯನ್ನು ಹೇಳುವವರು ಕಡಿಮೆ. ಅಂಗುಲಿಮಾಲ ಭಿಕ್ಷುವಾದ ಮೇಲೂ ಭಿಕ್ಷೆಗೆ ಹೋದ ಕಡೆ ಜನ ಅವನಿಗೆ ಕಲ್ಲು ಹೊಡೆದರು. ಬುದ್ಧ ಅವರನ್ನು ದೂರಲಿಲ್ಲ. ಮಾಡಿದ್ದರ ಫಲವಿದು, ಸಹಿಸಿಕೋ ಎಂದು ಶಿಷ್ಯನಿಗೇ ಹೇಳಿದ. ಮನಸ್ಸು ಬದಲಾಯಿತೆಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಇದೇ ಮೈಸೂರಿನ ಒಂದು ನ್ಯಾಯಾಲಯದಲ್ಲಿ ಕ್ಷಮೆ ಮತ್ತು ಶಿಕ್ಷೆಯ ಪ್ರಶ್ನೆ ದೇಶವೆಲ್ಲ ನೋಡುವಂತೆ ಎದುರಾಯಿತು. ಅದು ವೀರಪ್ಪನ್ನನ ಕಾಲ.

ಅವನ ಹುಟ್ಟೂರು ಗೋಪಿನಾಥಂ. ಆಗ ಅದು ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಅಲ್ಲಿಗೆ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಗಳು ಬಂದರು. ಕಳ್ಳಸಾಗಣೆಯನ್ನು ಬಂದೂಕಿನಿಂದ ಮಾತ್ರ ನಿಲ್ಲಿಸಲಾಗದೆಂಬುದು ಅವರ ಎಣಿಕೆ. ಊರಿನವರಿಗೆ ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ತಂಡದಲ್ಲಿದ್ದ ಕೆಲವರಿಗೆ ಬುದ್ಧಿ ಹೇಳಿ ಶರಣಾಗಿಸಿದರು. ತಾನೂ ಶರಣಾಗುವೆನೆಂದು ವೀರಪ್ಪನ್ ಹೇಳಿ ಕಳುಹಿಸಿದ. ಶ್ರೀನಿವಾಸ್ ಆಯುಧವಿಲ್ಲದೆ ಹೋದರು. 1991ರ ನವೆಂಬರ್ 10ರಂದು ಅವರನ್ನು ಕೊಂದು ತಲೆ ಕಡಿದರು. ಸರಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ಅವರು ನಂಬಿ ಕೆಟ್ಟರು ಎಂದು ಆಡುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಕೆಟ್ಟದ್ದು ನಂಬಿಕೆಯನ್ನು ಮುರಿದವನ ನಡತೆ. ಗೋಪಿನಾಥಂನ ಜನ ಗುಡಿಯಲ್ಲಿ ಆ ಅಧಿಕಾರಿಯ ಭಾವಚಿತ್ರವಿಟ್ಟು ಗೌರವಿಸುತ್ತಾ ಬಂದಿದ್ದಾರೆ.

ಆಮೇಲೆ ಸೇಡಿನ ಸರಪಣಿ ಬೆಳೆಯಿತು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚು ಹಾಕಿ ಎಸ್.ಪಿ. ಹರಿಕೃಷ್ಣ ಮತ್ತು ಎಸ್.ಐ. ಶಕೀಲ್ ಅಹಮದ್ ಅವರನ್ನೂ ಜೊತೆಯ ಪೋಲೀಸರನ್ನೂ ಕೊಂದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಇತ್ತ ಕಾರ್ಯಪಡೆಯವರು ಊರೂರು ಜಾಲಾಡಿ ಹಿಡಿದವರಲ್ಲಿ ಅಪರಾಧವೇನೂ ಅರಿಯದ ಬಡ ರೈತರೂ ಸೇರಿದ್ದರು. ಅವರು ಪಟ್ಟ ಹಿಂಸೆಯ ವಿಚಾರಣೆಗೆ ಮಾನವ ಹಕ್ಕು ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಕಳ್ಳನ ಮೇಲಿನ ಸಿಟ್ಟನ್ನು ಅವನ ನೆರೆಹೊರೆಯ ಮೇಲೆ ತೀರಿಸಿಕೊಂಡರೆ ಅದನ್ನು ಶಿಕ್ಷೆ ಎನ್ನಲಾಗದು. ಖಾಕಿ ತೊಟ್ಟರೂ ಅದು ಸೇಡೇ.

2000ದ ಜುಲೈ 30ರಂದು ನಟ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಹೊತ್ತೊಯ್ದ. ಮೈಸೂರು ಸೆರೆಮನೆಯಲ್ಲಿದ್ದ ಟಾಡಾ ಬಂದಿಗಳನ್ನು ಬಿಡಬೇಕೆಂಬುದು ಅವನು ಒಡ್ಡಿದ ಷರತ್ತುಗಳಲ್ಲೊಂದು. ಸರಕಾರ ಮೊಕದ್ದಮೆ ಹಿಂತೆಗೆಯಲು ಮುಂದಾಯಿತು, ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತು. ಆಗ ಮಡಿದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಮ್ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಬೆದರಿಕೆಗೆ ಮಣಿದು ಮೊಕದ್ದಮೆ ಹಿಂತೆಗೆಯುವುದು ಸಲ್ಲದೆಂದು ನವೆಂಬರ್ 7ರಂದು ಕೋರ್ಟು ಆ ಕ್ರಮವನ್ನು ರದ್ದುಮಾಡಿತು. ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ಎಂಟು ದಿನಗಳಲ್ಲಿ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು.

ಆ ತಂದೆ ಮಚ್ಚು ಹಿಡಿಯಲಿಲ್ಲ, ವಕೀಲರನ್ನು ಹಿಡಿದರು. ಮಗನನ್ನು ಕಳೆದುಕೊಂಡವರು ತಾವು. ತಮ್ಮ ಪರವಾಗಿ ಬೇರೆಯವರು, ಅದೂ ಹೆದರಿಕೊಂಡು, ಕ್ಷಮಿಸಿಬಿಡಲಾರರು. ಕ್ಷಮೆ ನೊಂದವರ ಸೊತ್ತು. ಮೊಕದ್ದಮೆ ನಡೆದೇ ನಡೆಯಿತು. 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಬಂದಿಗಳು ನಿರ್ದೋಷಿಗಳೆಂದು ಹೊರಬಂದರು. ಅಷ್ಟರಲ್ಲಿ ವರ್ಷಗಟ್ಟಲೆ ಸೆರೆವಾಸ ಮುಗಿದಿತ್ತು. ಹೊಲ ಬೀಳಾಗಿತ್ತು, ಮಕ್ಕಳು ದೊಡ್ಡವರಾಗಿದ್ದರು. ಹೀಗೆ ಒಂದೇ ಮೊಕದ್ದಮೆಯಲ್ಲಿ ಎರಡು ಅನ್ಯಾಯಗಳನ್ನೂ ನೋಡಬೇಕಾಗುತ್ತದೆ. ಕೊಂದವನನ್ನು ಬಿಟ್ಟುಬಿಡುವುದು ಒಂದು, ಕೊಲ್ಲದವನನ್ನು ಕೂಡಿಹಾಕುವುದು ಇನ್ನೊಂದು. ಪಾಲಾರ್ ಪ್ರಕರಣದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು. ದಯಾಭಿಕ್ಷೆಯ ಅರ್ಜಿ ವರ್ಷಾನುಗಟ್ಟಲೆ ಇತ್ಯರ್ಥವಾಗದೆ ಉಳಿದಿದ್ದ ಕಾರಣ 2014ರ ಜನವರಿಯಲ್ಲಿ ಅದೇ ಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು.

ಈಗ ನಮ್ಮ ಬದುವಿಗೆ ಬರೋಣ. ಸೇಡು ಮಗನ ಮೇಲೆ, ಅಣ್ಣನ ಮೇಲೆ, ಕಟ್ಟಿದ ದನದ ಮೇಲೆ, ಕುಯ್ಲಿಗೆ ಬಂದ ಪೈರಿನ ಮೇಲೆ ಬೀಳುತ್ತದೆ. ಅದಕ್ಕೆ ಅಳತೆಯಿಲ್ಲ, ಕೊನೆಯೂ ಇಲ್ಲ. ನ್ಯಾಯವಾದ ಶಿಕ್ಷೆ ಮಾಡಿದವನೊಬ್ಬನಿಗೇ ಬೀಳಬೇಕು, ಪಕ್ಷವಿಲ್ಲದವರು ಅದನ್ನು ವಿಧಿಸಬೇಕು, ಅನುಭವಿಸಿದ ದಿನ ಅದು ಮುಗಿಯಬೇಕು. ಸೆರೆಯಿಂದ ಬಂದವನಿಗೆ ಊರಿನಲ್ಲಿ ಕೂಲಿ ಕೊಡದೆ, ಕೊಟ್ಟ ನೀರನ್ನೂ ದೂರವಿಟ್ಟು ಕೊಟ್ಟರೆ ಕೋರ್ಟಿನ ಶಿಕ್ಷೆಯ ಮೇಲೆ ನಮ್ಮದೊಂದು ಶಿಕ್ಷೆಯನ್ನು ಹೇರಿದಂತಾಗುತ್ತದೆ.

ಕೋರ್ಟು ಕಚೇರಿಯಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಳ್ಳಲ್ಲ. ಅದಕ್ಕೇ ಕಾಯಿದೆ ಸಣ್ಣ ಅಪರಾಧಗಳಲ್ಲಿ ರಾಜಿಗೆ ಎಡೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮಿನ ಪ್ರಕಾರ ಸಾಧಾರಣ ಗಾಯ, ಅತಿಕ್ರಮ ಪ್ರವೇಶದಂಥವನ್ನು ನೊಂದವರೇ ರಾಜಿ ಮಾಡಿಕೊಳ್ಳಬಹುದು. ಕೊಲೆ, ಅತ್ಯಾಚಾರಗಳಿಗೆ ರಾಜಿಯಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯವನ್ನು ಜಗಲಿಯ ಮೇಲೆ ಕುಳಿತ ಯಜಮಾನರು "ದೊಡ್ಡ ಮನಸ್ಸು ಮಾಡಪ್ಪ" ಎಂದು ಮುಚ್ಚಿಹಾಕುವಂತಿಲ್ಲ. ಕೈ ಹಿಡಿದು ಒತ್ತಾಯದಿಂದ ಆಡಿಸಿದ ಮಾತು ಕ್ಷಮೆಯಾಗದು.

ಬದು, ಕಾಲುವೆ ನೀರು, ಪಾಲುಪಾರಿಕತ್ತಿನ ವ್ಯಾಜ್ಯವಿದ್ದವರು ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹಾಕಿಸಿಕೊಳ್ಳಬಹುದು. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನವಾಗುತ್ತದೆ, ಅದರ ಮೇಲೆ ಅಪೀಲಿಲ್ಲ. ಕೋರ್ಟಿನಲ್ಲಿದ್ದ ದಾವೆ ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ಹೋಗುವಾಗ ಪಹಣಿ, ಸರ್ವೆ ನಕ್ಷೆಗಳನ್ನು ಜೊತೆಗೆ ಒಯ್ಯಿರಿ. ಎದುರು ಮನೆಯವರನ್ನೂ ಮೊದಲೇ ಕರೆದು ಹೇಳಿರಿ.